ಮೊದಲು ದೃಷ್ಟಿ, ಆಮೇಲೆ ಹನಿ

ಕಣ್ಣಿನ ಚಿಕಿತ್ಸಾಲಯಕ್ಕೆ ನೇತ್ರ ತಂತ್ರಜ್ಞನಾಗಿ ಸೇರಿದ ಹೊಸದರಲ್ಲಿ ಯಂತ್ರಗಳನ್ನು ನಡೆಸುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ಆ ಭ್ರಮೆಯನ್ನು ಕಳೆದದ್ದು 6 ಮೀಟರ್ ದೂರದ ಗೋಡೆಯ ಮೇಲಿದ್ದ ಸ್ನೆಲೆನ್ ಚಾರ್ಟ್, ಅಂದರೆ ಸಾಲುಸಾಲಾಗಿ ಕಿರಿದಾಗುವ ಅಕ್ಷರಗಳಿರುವ ದೃಷ್ಟಿ ಪರೀಕ್ಷೆಯ ಫಲಕ. ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಳ್ಳಿ ಎಂದರೆ ಬೆರಳ ಸಂದಿಯಿಂದ ಇಣುಕುವವರು, ಕಣ್ಣು ಕಿರಿದುಮಾಡಿ ಇನ್ನೊಂದು ಸಾಲು ಓದಿಬಿಡುವವರು, ಬಲಗಣ್ಣಿನಲ್ಲಿ ಓದಿದ್ದನ್ನೇ ಎಡಗಣ್ಣಿನ ಸರದಿಯಲ್ಲಿ ನೆನಪಿನಿಂದ ಒಪ್ಪಿಸುವವರು ದಿನವೂ ಸಿಗುತ್ತಾರೆ. ಅವರದು ಮೋಸವಲ್ಲ, ಪರೀಕ್ಷೆ ಎಂದರೆ ಪಾಸಾಗಬೇಕೆಂಬ ಹಳೆಯ ಭಯ ಅಷ್ಟೆ. ಹಾಗಾಗಿ ನಾನು ಮಂಜಾಗಿ ಕಾಣುವ ಕಣ್ಣಿನಿಂದಲೇ ಆರಂಭಿಸುತ್ತೇನೆ, ಇನ್ನೊಂದನ್ನು ಮುಚ್ಚುವ ಪಟ್ಟಿಯನ್ನು ನಾನೇ ಹಿಡಿಯುತ್ತೇನೆ. ಓದು ಕಡಿಮೆಯಾದರೆ ಪಿನ್‌ಹೋಲ್ ಕೊಡುತ್ತೇನೆ: ಆ ಸಣ್ಣ ರಂಧ್ರದಿಂದ ನೋಡಿದಾಗ ಸಾಲುಗಳು ಸ್ಪಷ್ಟವಾದರೆ ತೊಂದರೆ ಬಹುಮಟ್ಟಿಗೆ ಕನ್ನಡಕದ್ದು, ಆಗದಿದ್ದರೆ ಪೊರೆಯೋ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರದ) ದೋಷವೋ ಇರಬಹುದೆಂದು ವೈದ್ಯರು ಹುಡುಕಬೇಕಾಗುತ್ತದೆ.

ಒಮ್ಮೆ ರೋಗಿಗಳ ಸಾಲು ಉದ್ದವಿದ್ದ ಬೆಳಿಗ್ಗೆ, ವೃದ್ಧೆಯೊಬ್ಬರ ಪಾಪೆಯ ಪ್ರತಿಕ್ರಿಯೆ ಮತ್ತು ಕಣ್ಣಿನ ಒತ್ತಡವನ್ನು ಬರೆದುಕೊಳ್ಳುವ ಮೊದಲೇ ಪಾಪೆ ಹಿಗ್ಗಿಸುವ ಹನಿ ಹಾಕಿಬಿಟ್ಟೆ. ಟಾರ್ಚಿನ ಬೆಳಕಿಗೆ ಪಾಪೆ ಹೇಗೆ ಕುಗ್ಗುತ್ತದೆಂಬುದು ನರದ ಆರೋಗ್ಯವನ್ನು ಹೇಳುವ ಸುಳಿವು. ಹನಿಯ ಪ್ರಭಾವ ಹಲವು ಗಂಟೆ ಉಳಿಯುವುದರಿಂದ ಅದನ್ನು ನೋಡಲು ಅವರು ಇನ್ನೊಂದು ದಿನ ಬರಬೇಕಾಯಿತು. ಆದರೆ ಅದಕ್ಕಿಂತ ದೊಡ್ಡ ಅಪಾಯವನ್ನು ವೈದ್ಯರು ಆಮೇಲೆ ಬಿಡಿಸಿ ಹೇಳಿದರು: ಕಣ್ಣಿನ ಮುಂಭಾಗದಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಪಾಪೆಯ ಸುತ್ತಲಿನ ಬಣ್ಣದ ಪರದೆ ಕೂಡುವ ಕೋನ ಕಿರಿದಾಗಿರುವವರಲ್ಲಿ ಪಾಪೆ ಹಿಗ್ಗಿದಾಗ ದ್ರವ ಹೊರಹರಿಯುವ ದಾರಿ ಮುಚ್ಚಿಕೊಂಡು ಒತ್ತಡ ಒಮ್ಮೆಲೇ ಏರಬಹುದು. ಅಂದಿನಿಂದ ದೃಷ್ಟಿ, ಪಾಪೆ, ಒತ್ತಡ, ಕೋನ ನೋಡದೆ ಹನಿಯ ಬಾಟಲಿಯನ್ನು ಮುಟ್ಟುವುದಿಲ್ಲ.

ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದೊಳಗೆ ಇರುತ್ತದೆ. 26 ಬಂದರೆ ಗಾಬರಿಪಡಿಸದೆ, ಬಿಗಿಯಾದ ಕಾಲರಿನ ಗುಂಡಿ ಬಿಚ್ಚಿಸಿ, ಉಸಿರು ಬಿಗಿಹಿಡಿಯದಂತೆ ಹೇಳಿ ಮತ್ತೆ ಅಳೆಯುತ್ತೇನೆ. ಎರಡೂ ಅಂಕಿಗಳನ್ನು ಗಂಟೆಯೊಂದಿಗೆ ಬರೆಯುತ್ತೇನೆ, ಏಕೆಂದರೆ ದಿನದ ಹೊತ್ತಿಗೆ ತಕ್ಕಂತೆ ಒತ್ತಡವೂ ಬದಲಾಗುತ್ತದೆ.

ನನಗೆ ಇಂದಿಗೂ ಕೈ ನಡುಗಿಸುವುದು ಪೊರೆ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿನ ಉದ್ದ ಅಳೆಯುವ ಕೆಲಸ. 1 ಮಿ.ಮೀ. ತಪ್ಪಿದರೆ ಒಳಗಿಡುವ ಮಸೂರದ ಲೆಕ್ಕ ಸುಮಾರು ಎರಡೂವರೆ ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ತಪ್ಪುತ್ತದೆ. ಅಳೆಯಲು ಕಣ್ಣಿಗೆ ತಾಗಿಸುವ ಅಲ್ಟ್ರಾಸೌಂಡ್ ಪ್ರೋಬ್ ಕಾರ್ನಿಯಾವನ್ನು ತುಸು ಒತ್ತಿದರೂ ಕಣ್ಣು ಗಿಡ್ಡವಾಗಿ ದಾಖಲಾಗುತ್ತದೆ. ಎರಡು ಕಣ್ಣುಗಳ ನಡುವೆ 0.3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಹೊರಗೆ ಎಷ್ಟೇ ಜನ ಕಾದಿದ್ದರೂ, ಎರಡನ್ನೂ ಮೊದಲಿನಿಂದ ಅಳೆಯುತ್ತೇನೆ.