ಹಳೆಯ ಎಂಜಿನ್‌ಗಳ ಆಯಿಲ್ ಪ್ಲಗ್ ಕೈಕೊಡದಂತೆ ನಾನು ಮಾಡುವ ಕೆಲಸ

ಓವರ್‌ಹಾಲ್ ಮುಗಿದಿದೆ, ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಬೇರಿಂಗ್ ಎಲ್ಲ ಹಾಕಿಸಿದ್ದಾರೆ, ಆದರೂ ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಲೇ ಇದೆ. ವಿಜಯಪುರದ ನನ್ನ ಗ್ಯಾರೇಜಿಗೆ ಈ ದೂರು ಹೊತ್ತು ಬರುವ ಹಳೆಯ ಕಾರುಗಳ ಮಾಲೀಕರಿಗೆ ನಾನು ಮೊದಲು ಕೇಳುವುದು ಒಂದೇ: ಬ್ಲಾಕಿನ ಆಯಿಲ್ ಗ್ಯಾಲರಿ ಪ್ಲಗ್‌ಗಳನ್ನು ಬಿಚ್ಚಿ ಹೊಸದು ಹಾಕಿದರೇ? ಹೆಚ್ಚಿನವರಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರುವುದಿಲ್ಲ. ಅದು ಅವರ ತಪ್ಪಲ್ಲ, ಕಾರು ಓಡಿಸುವವರಿಗೆ ಅದು ಕಾಣುವ ಜಾಗದಲ್ಲಿಲ್ಲ. ಆದರೆ ಎಂಜಿನ್ ಬಿಚ್ಚಿದವನಿಗೆ ಗೊತ್ತಿರಲೇಬೇಕು.

ಎಂಜಿನ್‌ನ ಮುಖ್ಯ ಒಡಲಾದ ಬ್ಲಾಕ್ ಎರಕ ಹೊಯ್ದ ಮೇಲೆ ಅದರ ಉದ್ದಕ್ಕೂ ಡ್ರಿಲ್ ಹೊಡೆದು ಎಣ್ಣೆ ಹರಿಯುವ ಮುಖ್ಯ ದಾರಿ, ಅಂದರೆ ಆಯಿಲ್ ಗ್ಯಾಲರಿ ಮಾಡುತ್ತಾರೆ. ಅಲ್ಲಿಂದ ಅಡ್ಡ ರಂಧ್ರಗಳು ಮೇನ್ ಬೇರಿಂಗ್‌ಗಳಿಗೆ, ಕ್ಯಾಮ್ ಶಾಫ್ಟಿಗೆ, ಹೆಡ್ಡಿಗೆ ಹೋಗುತ್ತವೆ. ಡ್ರಿಲ್ ಒಳಗೆ ಹೋದ ಬಾಯಿಯನ್ನು ಮುಚ್ಚಲೇಬೇಕಲ್ಲ, ಆ ಮುಚ್ಚಳವೇ ಗ್ಯಾಲರಿ ಪ್ಲಗ್. ಕೆಲವು ಎಂಜಿನ್‌ಗಳಲ್ಲಿ ಥ್ರೆಡ್ ಇರುವ ಪ್ಲಗ್, ಕೆಲವದರಲ್ಲಿ ಬಟ್ಟಲಿನಂತೆ ಒತ್ತಿ ಕೂರಿಸಿದ ಉಕ್ಕಿನ ಪ್ಲಗ್, ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಸೇರಿದ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಶನ್) ಕುಟುಂಬದಲ್ಲಿ ಹೊಡೆದು ಕೂರಿಸಿದ ಹಿತ್ತಾಳೆ ಪ್ಲಗ್.

ಹಿತ್ತಾಳೆಯ ಸ್ವಭಾವ ತಿಳಿದರೆ ಅರ್ಧ ರೋಗ ತಿಳಿಯುತ್ತದೆ. ಒಂದು ಮೀಟರ್ ಹಿತ್ತಾಳೆ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 1.9 ಮಿಲಿಮೀಟರ್ ಹಿಗ್ಗುತ್ತದೆ, ಬ್ಲಾಕಿನ ಬೀಡುಕಬ್ಬಿಣ ಸುಮಾರು 1.1 ಮಾತ್ರ. 12 ಮಿಲಿಮೀಟರ್ ಅಗಲದ ಪ್ಲಗ್‌ನಲ್ಲಿ ಈ ವ್ಯತ್ಯಾಸ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ. ಆದರೆ ಎಂಜಿನ್ ಕಾದಾಗಲೆಲ್ಲ ಹಿತ್ತಾಳೆ ಹಿಗ್ಗಲು ಜಾಗವಿಲ್ಲದೆ ತನ್ನೊಳಗೇ ಅಮುಕಿಕೊಳ್ಳುತ್ತದೆ, ಆರಿದಾಗ ಕಬ್ಬಿಣಕ್ಕಿಂತ ಹೆಚ್ಚು ಕುಗ್ಗುತ್ತದೆ. ಇದು ಮೂವತ್ತು ನಲವತ್ತು ವರ್ಷ ನಡೆದರೆ ಹಿಡಿತ ಸಡಿಲವಾಗುವುದು ಸಹಜ. ಹಾಗಾಗಿ ಈ ಪ್ಲಗ್ ಅತಿ ಸಡಿಲವಾಗಿರುವುದು ಎಂಜಿನ್ ತಣ್ಣಗಿರುವಾಗ. ಎಣ್ಣೆ ಗಟ್ಟಿಯಾಗಿದ್ದು ಒತ್ತಡ ಅತಿ ಹೆಚ್ಚಿರುವುದೂ ಆಗಲೇ. ಡಿಸೆಂಬರಿನ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿದು ಗರ್ರೆನ್ನಿಸುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ಅಲ್ಯೂಮಿನಿಯಂ ಬ್ಲಾಕ್, ಉಕ್ಕಿನ ಪ್ಲಗ್ ಇದ್ದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಬ್ಲಾಕೇ ಹೆಚ್ಚು ಹಿಗ್ಗುವುದರಿಂದ ಬಿಸಿಯಲ್ಲಿ ಹಿಡಿತ ಸಡಿಲವಾಗುತ್ತದೆ. ಎಣ್ಣೆ ಯಾವಾಗ ಸೋರುತ್ತದೆ ಎಂದು ಮಾಲೀಕರನ್ನು ವಿವರವಾಗಿ ಕೇಳುವುದು ಈ ಕಾರಣಕ್ಕೆ.

ಸಿಂದಗಿ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಅಂಬಾಸಡರ್ ಹೀಗೆಯೇ ಬಂದಿತ್ತು. ಬೇರೊಂದು ಕಡೆ ಕ್ರ್ಯಾಂಕ್ ಹಿಂಭಾಗದ ಸೋರಿಕೆ ಎಂದು ಹೇಳಿ ಗೇರ್‌ಬಾಕ್ಸ್ ಇಳಿಸಿ, ಏರಿಸಿ, ಹಣ ಪಡೆದಿದ್ದರು. ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ತೊಯ್ದು ಜಾರುತ್ತಿತ್ತು.

"ಮಾಸ್ತರರೇ, ಎಣ್ಣೆ ಬೀಳುವುದು ಓಡಿಸಿ ನಿಲ್ಲಿಸಿದ ಮೇಲೋ, ಬೆಳಗ್ಗೆ ಚಾಲೂ ಮಾಡಿದ ಕೂಡಲೇ ಏನು?" ಎಂದು ಕೇಳಿದೆ.

"ಬೆಳಗ್ಗೆಯೇ ತಮ್ಮಾ. ಚಾಲೂ ಮಾಡಿ ಗೇಟು ತೆಗೆದು ಬರುವಷ್ಟರಲ್ಲಿ ನೆಲ ಒದ್ದೆ. ಆಮೇಲೆ ಕಡಿಮೆಯಾಗುತ್ತದೆ" ಎಂದರು.

ಆ ಉತ್ತರ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಕ್ರ್ಯಾಂಕ್ ಹಿಂಭಾಗದಿಂದ ಸೋರುವ ಎಣ್ಣೆಗೆ ಪಂಪಿನ ಒತ್ತಡ ನೇರವಾಗಿ ತಾಗುವುದಿಲ್ಲ, ಅದು ನಿಧಾನವಾಗಿ ಇಳಿಯುತ್ತದೆ. ಗ್ಯಾಲರಿ ಪ್ಲಗ್ ಮೇಲೆ ಪಂಪಿನ ಪೂರ್ತಿ ಒತ್ತಡ ಇರುತ್ತದೆ, ಸ್ಟಾರ್ಟ್ ಆದ ಕ್ಷಣದಲ್ಲೇ ಚಿಮ್ಮುತ್ತದೆ. ಗೇರ್‌ಬಾಕ್ಸ್, ಫ್ಲೈವೀಲ್, ಅದರ ಹಿಂದಿನ ಪ್ಲೇಟ್ ತೆಗೆದಾಗ ಪ್ಲಗ್ ಸುತ್ತ ಬ್ಲಾಕ್ ಹೊಳೆಯುವಷ್ಟು ತೊಳೆದಂತಿತ್ತು, ಉಳಿದ ಜಾಗವೆಲ್ಲ ಕಪ್ಪು ಜಿಡ್ಡು. ಅಲ್ಲಿಂದಲೇ ಎಣ್ಣೆ ಬರುತ್ತಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು.

2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತ ಮೇಲೆ ಇಂಥ ಸಣ್ಣ ಭಾಗ ಹುಡುಕುವುದು ಕಷ್ಟದ ಕೆಲಸ. ಸಿಕ್ಕರೂ ಹಳೆಯ ಸವೆದ ರಂಧ್ರಕ್ಕೆ ಹೊಸ ಹಿತ್ತಾಳೆ ಹೊಡೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಬ್ಲಾಕಿನಲ್ಲಿ ಸಾಕಷ್ಟು ಕಬ್ಬಿಣ ಇದ್ದರೆ ಥ್ರೆಡ್ ಹಾಕಿ ಸ್ಕ್ರೂ ಪ್ಲಗ್ ಕೂರಿಸುತ್ತೇನೆ. ಇದನ್ನು ಎಂಜಿನ್ ಪೂರ್ತಿ ಬಿಚ್ಚಿದಾಗ ಮಾತ್ರ ಮಾಡುತ್ತೇನೆ. ಕ್ರ್ಯಾಂಕ್ ಒಳಗಿರುವಾಗ ಡ್ರಿಲ್ ಹೊಡೆದರೆ ಲೋಹದ ಚೂರು ನೇರ ಬೇರಿಂಗಿಗೆ ಹೋಗುತ್ತದೆ.

ಹಳೆಯ ಪ್ಲಗ್ ತೆಗೆಯಲು ಅದರ ನಡುವೆ ಸಣ್ಣ ರಂಧ್ರ ಕೊರೆದು, ಸ್ಕ್ರೂ ಹಾಕಿ, ಹೊರಕ್ಕೆ ಎಳೆಯಬೇಕು. ಒಳಕ್ಕೆ ಹೊಡೆದರೆ ಗ್ಯಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಹೊರಬಂದಾಗ ಅದರ ಹಿಂದೆ ಏನಿದೆ ಎಂದು ಮಾಲೀಕರನ್ನು ಕರೆದು ತೋರಿಸುತ್ತೇನೆ. ದಶಕಗಳ ಕೆಸರು, ಹಳೆಯ ಬೇರಿಂಗಿನ ಪುಡಿ ಆ ಮೂಲೆಗಳಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ, ಏಕೆಂದರೆ ಗ್ಯಾಲರಿಯ ಕೊನೆಯಲ್ಲಿ ಎಣ್ಣೆ ಹರಿಯುವುದಿಲ್ಲ. ಪ್ಲಗ್ ಬಿಚ್ಚದೆ ಬ್ಲಾಕನ್ನು ಎಷ್ಟು ತೊಳೆದರೂ ಇದು ಹೋಗುವುದಿಲ್ಲ. ಹೊಸ ಬೇರಿಂಗ್ ಹಾಕಿದ ಮೇಲೆ ಬಿಸಿ ಎಣ್ಣೆ ಈ ಕೆಸರನ್ನು ಸಡಿಲಿಸಿ ಬೇರಿಂಗಿಗೇ ಉಣ್ಣಿಸುತ್ತದೆ. ಪ್ಲಗ್ ಬಿಚ್ಚದ ಓವರ್‌ಹಾಲನ್ನು ನಾನು ಓವರ್‌ಹಾಲ್ ಎಂದು ಕರೆಯುವುದಿಲ್ಲ.

ಥ್ರೆಡ್ ಹಾಕುವಾಗ ನೋಡಬೇಕಾದದ್ದು ಬಹಳ. ಮೊದಲು ಒಂದು ತಂತಿಯ ತುದಿ ಬಗ್ಗಿಸಿ ಒಳಗೆ ಬಿಟ್ಟು, ಮೊದಲ ಅಡ್ಡ ರಂಧ್ರ ಎಷ್ಟು ಆಳದಲ್ಲಿದೆ ಎಂದು ಅಳೆಯುತ್ತೇನೆ. ಪ್ಲಗ್ ಉದ್ದವಾಗಿದ್ದರೆ ಆ ರಂಧ್ರವನ್ನೇ ಮುಚ್ಚುತ್ತದೆ, ಎಣ್ಣೆ ಸೋರದಿದ್ದರೂ ಬೇರಿಂಗ್ ಒಣಗಿ ಸಾಯುತ್ತದೆ. ಡ್ರಿಲ್‌ಗೂ ಥ್ರೆಡ್ ಕೊರೆಯುವ ಟ್ಯಾಪ್‌ಗೂ ಗ್ರೀಸ್ ಬಳಿದರೆ ಚೂರುಗಳು ಅದಕ್ಕೇ ಅಂಟಿ ಹೊರಬರುತ್ತವೆ. ಆದರೂ ಆಮೇಲೆ ಉದ್ದನೆಯ ಬ್ರಷ್, ಸೀಮೆಎಣ್ಣೆ, ಕಂಪ್ರೆಸರ್ ಗಾಳಿ ಎಲ್ಲವನ್ನೂ ಪ್ರತಿ ರಂಧ್ರಕ್ಕೂ ಬಳಸಬೇಕು. ಬಿಳಿ ಬಟ್ಟೆಯ ಚೂರು ಒಳಗೆ ಹೋಗಿ ಬಿಳಿಯಾಗಿಯೇ ಹೊರಬರುವವರೆಗೆ ನಾನು ಬಿಡುವುದಿಲ್ಲ.

ಪ್ಲಗ್ ಕೊಳ್ಳುವಾಗ ಒಂದು ಮೋಸವಿದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಬ್ರಿಟಿಷ್ ಅಳತೆಯ ಬಿಎಸ್‌ಪಿ ಥ್ರೆಡ್, ಕೆಲವೊಮ್ಮೆ ಅದೇ ಡಬ್ಬಿಯಲ್ಲಿ ಅಮೆರಿಕದ ಎನ್‌ಪಿಟಿ ಬೆರೆತಿರುತ್ತದೆ. 1/8 ಇಂಚಿನದರಲ್ಲಿ ಬಿಎಸ್‌ಪಿಗೆ ಇಂಚಿಗೆ 28 ಸುತ್ತು, ಎನ್‌ಪಿಟಿಗೆ 27. 1/4 ಇಂಚಿನದರಲ್ಲಿ 19 ಮತ್ತು 18. ಥ್ರೆಡ್ಡಿನ ಕೋನವೂ ಬೇರೆ, ಒಂದಕ್ಕೆ 55 ಡಿಗ್ರಿ, ಇನ್ನೊಂದಕ್ಕೆ 60. ಒಂದರೊಳಗೆ ಇನ್ನೊಂದು ಕೆಲವು ಸುತ್ತು ಸಲೀಸಾಗಿ ಹೋಗುತ್ತದೆ, ಬಿಗಿಯೂ ಆಗುತ್ತದೆ, ಆದರೆ ಎಣ್ಣೆ ಹಿಡಿಯುವುದಿಲ್ಲ. ಥ್ರೆಡ್ ಗೇಜ್ ಇಟ್ಟು ನೋಡಿಯೇ ಕೊಳ್ಳುತ್ತೇನೆ.

ಟೆಫ್ಲಾನ್ ಟೇಪನ್ನು ನಳಕ್ಕೆ ಬಿಡಿ. ಅದರ ಎಳೆ ಹರಿದು ಗ್ಯಾಲರಿಗೆ ಬಿದ್ದರೆ ಎಲ್ಲಿ ಹೋಗಿ ಕೂರುತ್ತದೋ ಹೇಳಲಾಗದು. ಎಣ್ಣೆ ತಡೆಯುವ ದ್ರವ ಥ್ರೆಡ್ ಸೀಲಂಟನ್ನು ಮೊದಲ ಸುತ್ತು ಬಿಟ್ಟು ಎರಡನೆಯದರಿಂದ ಹಚ್ಚುತ್ತೇನೆ, ಥ್ರೆಡ್ ಒಣಗಿ ಸ್ವಚ್ಛವಾಗಿದ್ದರೆ ಮಾತ್ರ ಅದು ಹಿಡಿಯುತ್ತದೆ. ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಓರೆ ಥ್ರೆಡ್ಡಿನ ಪ್ಲಗ್ ಬೆಣೆಯಂತೆ ಒಳಗೆ ಇಳಿಯುವುದರಿಂದ ಉದ್ದನೆಯ ಪೈಪ್ ಹಾಕಿ ಬಿಗಿದರೆ ಬೀಡುಕಬ್ಬಿಣ ಬಿರುಕು ಬಿಡುತ್ತದೆ. ಇಷ್ಟಕ್ಕೂ ಅಷ್ಟು ಬಲ ಬೇಕಿಲ್ಲ. ಚದರ ಸೆಂಟಿಮೀಟರಿಗೆ 4 ಕೆಜಿ ಒತ್ತಡದಲ್ಲಿ 12 ಮಿಲಿಮೀಟರ್ ಪ್ಲಗ್ ಮೇಲೆ ಬೀಳುವ ಭಾರ ನಾಲ್ಕೂವರೆ ಕೆಜಿ ಅಷ್ಟೇ. ಹೊಸದಾಗಿ ಹಾಕಿದ ಪ್ಲಗ್ ಅಷ್ಟಕ್ಕೇ ಹಾರಿದರೆ ಹೆಚ್ಚಾಗಿ ಜಿಡ್ಡಿನ ಮೇಲೆ ಕೂರಿಸಿದ್ದಾರೆ ಎಂದರ್ಥ. ಕೊನೆಗೆ ಪ್ಲಗ್ ಬ್ಲಾಕಿನ ಮುಖಕ್ಕಿಂತ ಒಂದಿಷ್ಟು ಒಳಗಿರಬೇಕು, ಹಿಂದಿನ ಪ್ಲೇಟಿಗೆ ತಾಗಬಾರದು.

ರಂಧ್ರದ ಸುತ್ತ ಕಬ್ಬಿಣ ತೆಳುವಾಗಿದ್ದರೆ ಥ್ರೆಡ್ ಹಾಕುವುದಿಲ್ಲ. ಹೊಸ ಬಟ್ಟಲು ಪ್ಲಗ್ ಕೂರಿಸಿ ಅಂಚಿನ ಕಬ್ಬಿಣವನ್ನು ಮೂರು ಕಡೆ ಪಂಚ್‌ನಿಂದ ಒಳಕ್ಕೆ ಒತ್ತುತ್ತೇನೆ.

ಇಷ್ಟಾದ ಮೇಲೂ ಪರೀಕ್ಷಿಸದೆ ಫ್ಲೈವೀಲ್ ಏರಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿ ತೋಟಗಳು ಹೆಚ್ಚು, ಕೈಯಿಂದ ಪಂಪ್ ಮಾಡುವ ಔಷಧಿ ಸಿಂಪಡಿಸುವ ಡಬ್ಬಿ ಎಲ್ಲ ಕಡೆ ಸಿಗುತ್ತದೆ. ಔಷಧಿ ಮುಟ್ಟದ ಹೊಸದೊಂದನ್ನು ಇದಕ್ಕೇ ಮೀಸಲಿಟ್ಟು, ಗೇಜ್ ಕೂರಿಸಿಕೊಂಡಿದ್ದೇನೆ. ಕ್ರ್ಯಾಂಕ್, ಬೇರಿಂಗ್ ಜೋಡಿಸಿದ ಮೇಲೆ ಹೊಸ ಎಂಜಿನ್ ಆಯಿಲ್ ತುಂಬಿ, ಆಯಿಲ್ ಪ್ರೆಷರ್ ಸ್ವಿಚ್ ಕೂರುವ ರಂಧ್ರಕ್ಕೆ ಪೈಪ್ ಜೋಡಿಸಿ, ಡಬ್ಬಿಯ ಮೇಲೆ ಬರೆದ ಮಿತಿ ಮೀರದಂತೆ ಒತ್ತಡ ಕೊಡುತ್ತೇನೆ. ಏಪ್ರಿಲ್‌ನಲ್ಲಿ ಎಣ್ಣೆಯನ್ನು ಬಿಸಿಲಿನಲ್ಲಿಟ್ಟರೆ ಸಾಕು, ಚೆನ್ನಾಗಿ ತೆಳುವಾಗುತ್ತದೆ. ಪ್ರತಿ ಬೇರಿಂಗಿನಿಂದಲೂ ಎಣ್ಣೆ ತೊಟ್ಟಿಕ್ಕಬೇಕು, ಪ್ಲಗ್‌ಗಳು ಒಣಗಿರಬೇಕು. ಯಾವುದಾದರೂ ಬೇರಿಂಗ್ ಒಣಗಿದ್ದರೆ ಅದರ ದಾರಿ ಮುಚ್ಚಿದೆ ಎಂದೂ ಆಗಲೇ ತಿಳಿಯುತ್ತದೆ. ಮೊದಲ ಸ್ಟಾರ್ಟಿಗೆ ಎಂಜಿನ್ ಒಣಗಿರುವುದಿಲ್ಲ ಎಂಬ ಲಾಭವೂ ಇದೆ.

ಜೊತೆಗೆ ರಿಲೀಫ್ ವಾಲ್ವ್ ಬಿಚ್ಚಿ, ಅದರ ಪಿಸ್ಟನ್ ಬೆರಳಿನಿಂದ ಸಲೀಸಾಗಿ ಜಾರುತ್ತದೆಯೇ ನೋಡುತ್ತೇನೆ. ಅದು ಸಿಕ್ಕಿಕೊಂಡರೆ ತಣ್ಣನೆಯ ಎಂಜಿನ್‌ನಲ್ಲಿ ಒತ್ತಡ ಮಿತಿ ಮೀರುತ್ತದೆ. ಎಂಜಿನ್ ತಣಿಸುವ ನೀರು ಹರಿಯುವ ಜಾಕೆಟ್ಟಿನ ಪ್ಲಗ್‌ಗಳನ್ನೂ ಅದೇ ಸಮಯದಲ್ಲಿ ಬದಲಿಸುವುದು ಒಳ್ಳೆಯದು. ಇಲ್ಲಿನ ಬೋರ್‌ವೆಲ್ ನೀರನ್ನೇ ರೇಡಿಯೇಟರಿಗೆ ಸುರಿದ ಕಾರುಗಳಲ್ಲಿ ಅವು ಒಳಗಿನಿಂದ ತುಕ್ಕು ಹಿಡಿದು ಕಾಗದದಂತಾಗಿರುತ್ತವೆ.

ಇನ್ನು ಆಯಿಲ್ ಚೇಂಬರ್ ಕೆಳಗಿನ, ಎಣ್ಣೆ ಬಸಿಯಲು ಬಿಚ್ಚುವ ಡ್ರೇನ್ ಪ್ಲಗ್. ಅದು ಹಾಳಾಗುವುದು ವಯಸ್ಸಿನಿಂದಲ್ಲ, ಕೈಯಿಂದ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು, ಗಾಳಿಯ ಗನ್ ಹತ್ತಿರ ತರಲೇಬಾರದು. ಓಪನ್ ಪಾನಾ ಬೇಡ, ಆರು ಮೂಲೆಯೂ ಹಿಡಿಯುವ ರಿಂಗ್ ಪಾನಾ ಬೇಕು. ಎಷ್ಟು ಬಿಗಿಯಬೇಕು ಎಂಬುದು ಆಯಾ ಕಾರಿನ ಕೈಪಿಡಿಯಲ್ಲಿದೆ, ಟಾರ್ಕ್ ವ್ರೆಂಚ್ ಬಳಸಿ ಅಷ್ಟೇ ಬಿಗಿಯಿರಿ. ಅಲ್ಯೂಮಿನಿಯಂ ವಾಷರ್ ಪ್ರತಿ ಸಲವೂ ಹೊಸದು. ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಡುಸಾಗುತ್ತದೆ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಥ್ರೆಡ್ ಸವೆದಿದ್ದರೆ ದೊಡ್ಡ ಬೋಲ್ಟನ್ನು ಬಲವಂತವಾಗಿ ತಿರುಗಿಸಬೇಡಿ. ಚೇಂಬರ್ ಇಳಿಸಿ, ಉಕ್ಕಿನದಾದರೆ ಹೊಸ ನಟ್ ವೆಲ್ಡ್ ಮಾಡಿಸಿ, ಅಲ್ಯೂಮಿನಿಯಂ ಆದರೆ ಹೆಲಿಕಾಯಿಲ್ (ಸವೆದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಿಸಿ.

ಓವರ್‌ಹಾಲ್ ಆದ ಕಾರು 500 ಕಿಲೋಮೀಟರ್ ಓಡಿದ ಮೇಲೆ ಮೊದಲ ಎಣ್ಣೆ ಬದಲಿಸಲು ಬಂದಾಗ, ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಬೆಲ್ ಹೌಸಿಂಗ್ ತಳದ ರಂಧ್ರವನ್ನು ಒರೆಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಬೆಳಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ ಐದು ನಿಮಿಷ ಆ ಪತ್ರಿಕೆಯನ್ನು ನೋಡುತ್ತೇನೆ. ಹನಿ ಬೀಳದಿದ್ದರೆ ಎಣ್ಣೆ ಬದಲಿಸಿ ಕೀಲಿಕೈ ಕೊಡುತ್ತೇನೆ.