ಮೇಜಿನ ಮೇಲಿನ ದೇವರಿಗೆ ಸೀಮೆ, ಹರಕೆ, ಮುನಿಸು: ನನ್ನ ಅನುಭವ

ಕ್ಲೆರಿಕ್‌ಗೆ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರಕ್ಕೆ) ಡೊಮೇನ್ (ದೇವರ ಅಧಿಕಾರದ ವಿಷಯ, ಅದರಿಂದ ಬರುವ ಶಕ್ತಿ) ಇದ್ದರೆ ಸಾಕು, ದೇವರು ಪಾತ್ರದ ಶೀಟಿನ ಮೂಲೆಯ ಹೆಸರಷ್ಟೇ ಎಂದು ಕಾರವಾರದ ನಮ್ಮ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಹಾಕಿ ಕಥೆ ಕಟ್ಟುವ ಆಟ) ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಈಗ ಅವರೇ ಸೆಷನ್ನಿಗೆ ಕೂರುವ ಮೊದಲು ಬಾಕಿ ಹರಕೆ ಎಣಿಸುತ್ತಾರೆ.

ಆಟಕ್ಕೆಂದು ಮೊದಲು ಹನ್ನೆರಡು ಕಲ್ಪಿತ ದೇವರ ವಂಶಾವಳಿ ಬರೆದಿದ್ದೆ. ನಲವತ್ತು ಪುಟ, ಕಲರ್ ಪ್ರಿಂಟು, ಸ್ಪೈರಲ್ ಬೈಂಡಿಂಗ್; ಎರಡು ಪ್ರತಿಗೆ ಹತ್ತಿರ ಹತ್ತಿರ 900 ರೂಪಾಯಿ ನೀರಲ್ಲಿ ಹೋಯಿತು. ಯಾರು ಯಾರ ಮಗ ಎಂಬುದರಿಂದ ಒಂದು ದಾಳವೂ ಉರುಳುವುದಿಲ್ಲ. ನಮ್ಮ ಕಡೆಯ ಊರದೇವರುಗಳಾದ ಜಟಕ, ಚೌಡಿ, ಬೀರರ ಹುಟ್ಟು ಗೊತ್ತಿಲ್ಲದವರೂ ಅವರ ಗಡಿ ಎಲ್ಲಿ, ಏನು ಒಪ್ಪಿಸಬೇಕು, ಯಾವುದಕ್ಕೆ ಮುನಿಸು ಎಂದು ಹೇಳಬಲ್ಲರು. ಆ ಮೂರನ್ನೇ ಹಿಡಿದೆ. ಜನ ನಿಜಕ್ಕೂ ನಂಬುವ ದೇವರನ್ನು ಮಾತ್ರ ಆಟಕ್ಕೆ ಎಳೆಯಬೇಡಿ. ನಿಜವಾಗಿ ಹರಕೆ ಹೊತ್ತವರು ಅದೇ ಮೇಜಿಗೆ ಕೂತಿರುತ್ತಾರೆ.

ಹೀಗೆ ನಾನು ಕಟ್ಟಿದ ದೇವಿ ಅಳಿವೆಯವ್ವ, ಉಪ್ಪುನೀರು ಸಿಹಿನೀರು ಕೂಡುವಲ್ಲಿ ನಿಂತವಳು. ಸೀಮೆ: ಅಳಿವೆಯಿಂದ ಆರು ಮೈಲಿಯ ಮೂರು ಹೆಕ್ಸ್ (ನಕ್ಷೆಯ ಆರು ಮೂಲೆಯ ಮನೆ). ಒಳಗಿದ್ದರೆ ಸ್ಪೆಲ್ ಸೇವ್ ಡಿಸಿಗೆ (ಮಂತ್ರದಿಂದ ತಪ್ಪಿಸಿಕೊಳ್ಳಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕಕ್ಕೆ) +2 ಕೊಟ್ಟಿದ್ದೆ; ಕ್ಲೆರಿಕ್ ಅಳಿವೆ ಬಿಟ್ಟು ಕದಲಲಿಲ್ಲ, ನಾಲ್ಕು ಸೆಷನ್ ಅಲ್ಲೇ ಕಳೆದವು. +1ಕ್ಕೆ ಇಳಿಸಿ, ಒಂದು ಕುಪ್ಪಿ ಅಳಿವೆಯ ನೀರು ಒಯ್ದರೆ ಹೊರಗೂ ಮೂರು ದಿನ ನಡೆಯುತ್ತದೆ ಎಂದಮೇಲೆ ಗಾಡಿ ಮುಂದೆ ಹೋಯಿತು.

ಹರಕೆ ಹೀಗೆ: ದಾಳ ಬಿದ್ದಮೇಲೆ ಬಾಯಿಬಿಟ್ಟು ಹರಕೆ ಹೇಳಿಕೊಂಡರೆ ಒಂದು ಡಿ4 (ನಾಲ್ಕು ಮುಖದ ದಾಳ) ಸೇರಿಸಬಹುದು, ಬಾಕಿಯ ಗುರುತಾಗಿ ಎದುರಿಗೆ ಒಂದು ಕವಡೆ ಬೀಳುತ್ತದೆ. ಮೂರು ಸೆಷನ್ನಿನೊಳಗೆ ತೀರಿಸದಿದ್ದರೆ ಇರುವುದರಲ್ಲಿ ದೊಡ್ಡ ಸ್ಪೆಲ್ ಸ್ಲಾಟ್‌ಗೆ (ಮಂತ್ರ ಹಾಕಲು ಎಣಿಸಿ ಸಿಗುವ ಸರದಿಗೆ) ಬೀಗ. ತೀರಿಸಲು ಮೊದಲು 50 ಚಿನ್ನದ ನಾಣ್ಯ ಎಂದಿಟ್ಟೆ, ಕೆಟ್ಟಿತು. ಐದನೇ ಲೆವೆಲ್ಲಿಗೆ ಬಂದವರಿಗೆ 50 ಚಿನ್ನ ಲೆಕ್ಕಕ್ಕೇ ಇಲ್ಲ. ಈಗ ಬಲೆಯ ಮೊದಲ ಮೀನು, ದೀಪ ಹಚ್ಚದ ಒಂದು ರಾತ್ರಿಯ ಪಹರೆ, ಗೆದ್ದ ಕತ್ತಿಯನ್ನು ನೀರಿಗೆ ಬಿಡುವುದು. ಕತ್ತಿ ಬಿಡುವಾಗ ಕೈ ನಡುಗಬೇಕು, ಅಷ್ಟು ಬೆಲೆಯದ್ದೇ ಕೇಳಿ.

ನಡುವೆ ದೇವರ ಉತ್ತರ ತಿಳಿಯಲು, ಗುಡಿಗಳಲ್ಲಿ ಹೂವೆಸಳು ಬೀಳುವುದನ್ನು ನೋಡಿ ದೇವರನ್ನು ಕೇಳುವ ಕೌಲ್ ಪ್ರಸಾದದ ರೀತಿಯಲ್ಲಿ ಕರಿಕಲ್ಲಿಗೆ ಕೇಪಳದ ಒದ್ದೆ ಎಸಳು ಅಂಟಿಸಿ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ ಎಂದು ನೋಡಿದೆ. ಫ್ಯಾನ್ ಹಾಕಿದರೆ ಎಲ್ಲವೂ ಒಂದೇ ಕಡೆ ಹಾರಿದವು; ಆರಿಸಿದರೆ ಮಳೆಗಾಲದ ತೇವಕ್ಕೆ ಮುಕ್ಕಾಲು ಗಂಟೆಯಾದರೂ ಬೀಳಲಿಲ್ಲ. ಕೈಬಿಟ್ಟೆ.

ದಾಳಕ್ಕೇ ಮರಳಿದೆ. ಆಟದ 2014ರ ನಿಯಮದ, ದೇವರನ್ನೇ ನೆರವಿಗೆ ಕರೆಯುವ ಡಿವೈನ್ ಇಂಟರ್ವೆನ್ಷನ್‌ನಲ್ಲಿ ಹತ್ತನೇ ಲೆವೆಲ್ಲಿನವರಿಗೆ ನೂರಕ್ಕೆ ಹತ್ತೇ ಅವಕಾಶ. ತೀರಿಸಿದ ಪ್ರತಿ ಹರಕೆಗೆ ಎರಡು ಸೇರಿಸಿದೆ, ಮೇಲ್ಮಿತಿ 30. ಮುನಿಸಿನ ಕೋಷ್ಟಕ ಹೇಳಲಾರೆ, ನಮ್ಮವರು ಇನ್ನೂ ಅದರೊಳಗೇ ಆಡುತ್ತಿದ್ದಾರೆ.

ಈಗ ದೇವರಿಗೊಂದು ಕಾರ್ಡು, 300 ಜಿಎಸ್ಎಂನ ದಪ್ಪ ಕಾಗದ, ಎರಡೂ ಕಡೆ ಪ್ರಿಂಟು. ಹನ್ನೆರಡಕ್ಕೆ 150 ರೂಪಾಯಿ ಆಸುಪಾಸು. ಲ್ಯಾಮಿನೇಷನ್ ಮಾಡುವಾಗ ಅಂಚಿನಲ್ಲಿ ಎರಡು ಮಿಲಿಮೀಟರ್ ಪ್ಲಾಸ್ಟಿಕ್ ಉಳಿಸಿ ಕತ್ತರಿಸಿ. ಕಾಗದದ ಅಂಚು ತೆರೆದಿದ್ದರೆ ಕಡಲಗಾಳಿಗೆ ಜೂನ್ ಮುಗಿಯುವಷ್ಟರಲ್ಲಿ ಬೂಸ್ಟು ಹಿಡಿಯುತ್ತದೆ.