ಗದ್ದೆಯಿಂದ ರಾಕೆಟ್ ಹಾರಿಸೋಣ ಬನ್ನಿ

ಚಂದ್ರಯಾನ-3 ಹೊರಟ 2023ರ ಜುಲೈ 14ರಂದು ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಹೊರಗೆ ಉಡುಪಿಯ ಮಳೆ. ರಾಕೆಟ್ ಮೋಡದೊಳಗೆ ಮರೆಯಾಗುತ್ತಿದ್ದಂತೆ ಮಗಳು ಕೇಳಿದಳು, "ಅಪ್ಪ, ನಾವೂ ಒಂದು ಮಾಡುವನಾ?" ಮಳೆ ನಿಲ್ಲಲಿ ಎಂದೆ. ಅವಳು ಮರೆಯುತ್ತಾಳೆ ಅಂದುಕೊಂಡಿದ್ದೆ. ನವೆಂಬರಿನಲ್ಲಿ ಮನೆ ಹಿಂದಿನ ಗದ್ದೆ ಕೊಯ್ಲಾದ ಮರುದಿನವೇ ಖಾಲಿ ಬಾಟಲಿ ಹಿಡಿದು ಬಂದು ನಿಂತಳು.

ಅಮೆರಿಕದಂಥ ಕಡೆ ಮಕ್ಕಳ ರಾಕೆಟ್‌ಗೆ ಮದ್ದು ತುಂಬಿದ ಪುಟ್ಟ ಮೋಟರ್ ಕಾರ್ಖಾನೆಯಿಂದಲೇ ತಯಾರಾಗಿ ಬರುತ್ತದೆ. ನಮ್ಮ ಊರಿನ ಆಟದ ಸಾಮಾನಿನ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಹಾಗಂತ ದೀಪಾವಳಿಗೆ ಉಳಿದ ಗರ್ನಾಲ್ ಬಿಚ್ಚಿ ಮದ್ದು ತೆಗೆಯಲು ಮಾತ್ರ ಹೋಗಬೇಡಿ. ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ. ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸುವುದು ಕಾನೂನಿಗೂ ವಿರುದ್ಧ. ನಮಗೆ ನೀರು ಮತ್ತು ಗಾಳಿ ಸಾಕು. ಬಾಟಲಿಗೆ ಸ್ವಲ್ಪ ನೀರು ಹಾಕಿ, ಬಾಯಿಗೆ ಕಾರ್ಕು ಒತ್ತಿ, ಪಂಪಿನಿಂದ ಗಾಳಿ ತುಂಬುತ್ತ ಹೋದರೆ ಕಾರ್ಕು ಕಿತ್ತುಕೊಂಡು ಬಾಟಲಿ ಮೇಲೆ ಹಾರುತ್ತದೆ.

ಬಾಟಲಿ ಯಾವುದು?

ಎರಡು ಲೀಟರಿನ ಸೋಡಾ ಅಥವಾ ಕೂಲ್‌ಡ್ರಿಂಕ್ಸ್ ಬಾಟಲಿಯೇ ಬೇಕು. ಕುಡಿಯುವ ನೀರಿನ ತೆಳು ಬಾಟಲಿ ಬೇಡವೇ ಬೇಡ. ಗ್ಯಾಸ್ ಇರುವ ಪಾನೀಯದ ಬಾಟಲಿಯನ್ನು ಒಳಗಿನ ಒತ್ತಡ ತಡೆಯಲೆಂದೇ ಮಾಡಿರುತ್ತಾರೆ, ನೀರಿನ ಬಾಟಲಿಯನ್ನು ಹಾಗೆ ಮಾಡಿರುವುದಿಲ್ಲ. ಗುರುತು ಸುಲಭ. ತಳ ತಿರುಗಿಸಿ ನೋಡಿ, ಹೂವಿನ ಎಸಳಿನ ಹಾಗೆ ಐದು ಕಾಲು ಕಾಣುತ್ತವೆ. ಗೀರು ಬಿದ್ದದ್ದು, ನಗ್ಗಿದ್ದು, ತಿಂಗಳುಗಟ್ಟಲೆ ಬಿಸಿಲಲ್ಲಿ ಬಿದ್ದದ್ದು ಗುಜರಿಗೆ ಹೋಗಲಿ.

ರಾಕೆಟ್ಟಿನ ಅರ್ಧ ಕಥೆ ಈ ಚಿಪ್ಪಿನದ್ದೇ. ಟಿಪ್ಪುವಿನ ಕಾಲದ ಮೈಸೂರು ರಾಕೆಟ್‌ಗಳು ಹೆಸರು ಮಾಡಿದ್ದು ಕಬ್ಬಿಣದ ಕೊಳವೆಯಿಂದ. ಕಾಗದದ ಕೊಳವೆಗಿಂತ ಹೆಚ್ಚು ಒತ್ತಡ ತಡೆದದ್ದರಿಂದ ಅವು ದೂರ ಹಾರಿದವು. ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು 2018ರಲ್ಲಿ ನಮ್ಮ ಕುಂದಾಪುರದಿಂದ ಘಾಟಿ ಹತ್ತಿದರೆ ಸಿಗುವ, ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೇ ಬಾವಿಯೊಂದರಲ್ಲಿ ಸಿಕ್ಕಿದವು.

ಕಾರ್ಕು: ಇಲ್ಲೇ ತಾಳ್ಮೆ ಬೇಕು

ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ರಬ್ಬರ್ ಕಾರ್ಕು ಸಿಗುತ್ತದೆ. ಬಾಟಲಿಯ ಬಾಯಿಯ ಒಳಅಳತೆ ಸುಮಾರು 22 ಮಿಲಿಮೀಟರ್. ಬಾಟಲಿಯನ್ನೇ ಅಂಗಡಿಗೆ ಒಯ್ದು ಹಾಕಿ ನೋಡುವುದು ಒಳ್ಳೆಯದು. ಕಾರ್ಕು ಅರ್ಧದವರೆಗೆ ಸಲೀಸಾಗಿ ಹೋಗಿ, ಆಮೇಲೆ ಬಿಗಿಯಾಗಬೇಕು.

ಕಾರ್ಕಿನ ನಡುವೆ ಸಣ್ಣ ಡ್ರಿಲ್ ಬಿಟ್‌ನಿಂದ ತೂತು ಕೊರೆದು ಫುಟ್‌ಬಾಲಿಗೆ ಗಾಳಿ ಹಾಕುವ ಸೂಜಿ ತೂರಿಸಿ. ಕೊರೆಯುವುದು ದೊಡ್ಡವರ ಕೆಲಸ. ಸೂಜಿಯ ತುದಿಯ ತೂತು ಕಾರ್ಕಿನಾಚೆ ಕಾಣಲೇಬೇಕು. ಕಾಣದಿದ್ದರೆ ಕಾರ್ಕಿನ ದಪ್ಪ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕತ್ತರಿಸಿ ಗಿಡ್ಡ ಮಾಡಿ. ನಾನು ಮೊದಲ ಸಲ ಇದನ್ನು ನೋಡಿಕೊಳ್ಳದೆ ಹತ್ತು ನಿಮಿಷ ಪಂಪು ಹೊಡೆದೆ. ಬಾಟಲಿಗೆ ಒಂದು ಗುಳ್ಳೆಯೂ ಹೋಗಲಿಲ್ಲ. ಮಗಳು ಪಕ್ಕದಲ್ಲಿ ಕೂತು ಚಕ್ಕುಲಿ ತಿನ್ನುತ್ತಿದ್ದಳು.

ಸೈಕಲ್ ಪಂಪಿನ ಪೈಪು ಗಿಡ್ಡ. ಅಷ್ಟು ಹತ್ತಿರ ನಿಲ್ಲಬಾರದು. ಪಂಕ್ಚರ್ ಅಂಗಡಿಯಲ್ಲಿ ಹೇಳಿ ನಾಲ್ಕೈದು ಮೀಟರ್ ಗಾಳಿ ಪೈಪು ತೆಗೆದುಕೊಂಡು ಒಂದು ತುದಿಗೆ ಆ ಸೂಜಿ, ಇನ್ನೊಂದು ತುದಿಗೆ ಹಳೇ ಬೈಕ್ ಟ್ಯೂಬಿನ ವಾಲ್ವ್ ಕೂರಿಸಿ ಕ್ಲಿಪ್ಪು ಬಿಗಿಸಿ. ವಾಲ್ವಿನ ಒಳಗಿನ ಪಿನ್ನು ತೆಗೆಸಿಬಿಡಿ. ಕಾರಣ ಆಮೇಲೆ ಹೇಳುತ್ತೇನೆ. ಪಂಪಿನಲ್ಲಿ ಮೀಟರ್ ಇರಲಿ.

ರೆಕ್ಕೆ ಮತ್ತು ಮೂತಿ

ರಾಕೆಟ್ ತಲೆಕೆಳಗಾದ ಬಾಟಲಿ, ಅಂದರೆ ಬಾಯಿ ಕೆಳಗೆ, ತಳ ಮೇಲೆ. ಬಾಯಿಯ ಹತ್ತಿರ ನಾಲ್ಕು ರೆಕ್ಕೆ. ಇವು ಬಾಟಲಿಯ ಬಾಯಿಗಿಂತ ನಾಲ್ಕು ಬೆರಳು ಕೆಳಗೆ ಬರಲಿ. ಆಗ ಅವೇ ಕಾಲೂ ಆಗುತ್ತವೆ, ಕಾರ್ಕು ಮತ್ತು ಪೈಪಿಗೆ ಜಾಗ ಸಿಗುತ್ತದೆ.

ರೆಕ್ಕೆಗೆ ಏನು ಬಳಸಬೇಕು? ನನಗೊಂದು ದೇಸಿ ಐಡಿಯಾ ಬಂತು. ಅಡಿಕೆ ಹಾಳೆ! ಒಣಗಿದ ಹಾಳೆ ಹಗುರ, ಗಟ್ಟಿ, ದುಡ್ಡೂ ಬೇಡ. ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಾಗ ನೋಡಲು ಎಷ್ಟು ಚಂದ ಇತ್ತೆಂದರೆ ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ. ಎರಡು ಹಾರಾಟ ಚೆನ್ನಾಗಿಯೇ ಆಯಿತು. ಆದರೆ ಪ್ರತಿ ಸಲ ಹಾರುವಾಗ ರೆಕ್ಕೆಯ ಮೇಲೆ ನೀರು ಬೀಳುತ್ತದಲ್ವಾ? ಮೂರನೆಯ ಸಲಕ್ಕೆ ಹಾಳೆ ಮೆತ್ತಗಾಗಿತ್ತು. ಪಂಪು ಹೊಡೆಯುತ್ತಿರುವಾಗಲೇ ಒಂದು ಕಾಲು ನಿಧಾನ ಮಡಚಿತು. ರಾಕೆಟ್ ಅಡ್ಡ ಬಿತ್ತು, ಕಾರ್ಕು ಬಿಚ್ಚಿಕೊಂಡಿತು. ಕೊಯ್ದ ಕೂಳೆಯ ಮೇಲೆ ಸರ್ರನೆ ಜಾರುತ್ತ ಹೋಗಿ ಗದ್ದೆಯ ಹುಣಿಗೆ ಗುದ್ದಿ ನಿಂತಿತು. ಆ ದಿಕ್ಕಿನಲ್ಲಿ ಯಾರೂ ಇರಲಿಲ್ಲ, ನಮ್ಮ ಪುಣ್ಯ. ಅವತ್ತಿನಿಂದ ಜಾಹೀರಾತು ಬೋರ್ಡಿಗೆ ಬಳಸುವ ಸನ್‌ಪ್ಯಾಕ್ ಶೀಟು. ಎರಡು ಪದರ ಅಂಟಿಸಿದರೆ ಕಾಲು ಮಡಚುವುದಿಲ್ಲ. ಎರಡು ಬಿದಿರಿನ ಕಡ್ಡಿಗಳನ್ನು ಬಾಟಲಿಯ ಎರಡು ಬದಿಗೆ ನೆಲಕ್ಕೆ ಊರಿದರೆ ಇನ್ನೂ ಭದ್ರ.

ಅಂಟಿಸಲು ಡಬಲ್ ಟೇಪು, ಮೇಲಿನಿಂದ ಪ್ಯಾಕಿಂಗ್ ಟೇಪು. ಬಿಸಿ ಅಂಟಿನ ಗನ್ ಬೇಡ, ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾಗಿ ಬಾಟಲಿಯ ಶಕ್ತಿ ಹೋಗುತ್ತದೆ.

ಮೂತಿಗೆ ಹಳೇ ಟೆನಿಸ್ ಬಾಲನ್ನು ಅರ್ಧ ಕತ್ತರಿಸಿ ಒಳಗೆ ಮಕ್ಕಳ ಆಟದ ಕ್ಲೇ ಮೆತ್ತಿ ಬಾಟಲಿಯ ತಳಕ್ಕೆ ಟೇಪು ಸುತ್ತಿ. ಹಂಚಿನ ಕಾರ್ಖಾನೆಗಳ ಊರಿನವರು ನಾವು, ಆವೆಮಣ್ಣು ಬೇಕಾದಷ್ಟಿದೆ. ಆದರೆ ಅದು ಒಣಗಿ ಕಲ್ಲಾಗುತ್ತದೆ, ಮೇಲಿನಿಂದ ಬೀಳುವ ವಸ್ತುವಿಗೆ ಅದು ಬೇಡ. ಚೂಪು ಮೂತಿಯೂ ಬೇಡ.

ಮೂತಿಗೆ ತೂಕ ಏಕೆ? ತೂಕದ ನಡುಬಿಂದು ಮುಂದೆ, ಗಾಳಿ ತಳ್ಳುವ ನಡುಬಿಂದು ಹಿಂದೆ ಇದ್ದರೆ ಮಾತ್ರ ರಾಕೆಟ್ ನೆಟ್ಟಗೆ ಹೋಗುತ್ತದೆ. ಇಲ್ಲದಿದ್ದರೆ ಪಲ್ಟಿ. ಪರೀಕ್ಷೆ ಮಕ್ಕಳಿಗೆ ಬಲು ಇಷ್ಟ. ಖಾಲಿ ರಾಕೆಟ್ಟನ್ನು ದಾರದಲ್ಲಿ ತೂಗಿಸಿ, ಅಡ್ಡಕ್ಕೆ ಸಮವಾಗಿ ನಿಲ್ಲುವ ಜಾಗ ಹುಡುಕಿ, ದಾರಕ್ಕೆ ಅಲ್ಲಿ ಟೇಪು ಹಚ್ಚಿ. ಈಗ ತಲೆ ಮೇಲೆ ಗರಗರ ತಿರುಗಿಸಿ. ಮೂತಿ ಮುಂದೆ ಮಾಡಿಕೊಂಡು ತಿರುಗಿದರೆ ಪಾಸು. ಬಾಲ ಮುಂದೆ ಬಂದರೆ ಇನ್ನಷ್ಟು ಕ್ಲೇ.

ಎಲ್ಲಿ, ಯಾವಾಗ

ಬಜ್ಪೆ ವಿಮಾನ ನಿಲ್ದಾಣದ ಆಸುಪಾಸು ಬೇಡ. ಕರೆಂಟ್ ತಂತಿ, ರಸ್ತೆ ಹತ್ತಿರ ಇರಬಾರದು. ಮಲ್ಪೆ, ಪಣಂಬೂರು ಬೀಚಿನಲ್ಲಿ ಭಾನುವಾರ ಜನವೋ ಜನ, ಅಲ್ಲಿ ಬಿಡಿ. ಕೊಯ್ಲಾದ ಗದ್ದೆಯಷ್ಟು ಒಳ್ಳೆಯ ಜಾಗ ಇಲ್ಲ. ಗದ್ದೆಯವರನ್ನು ಒಂದು ಮಾತು ಕೇಳಿ. ಖಾಲಿ ಬೀಚು ಸಿಕ್ಕಿದರೆ ಗಾಳಿ ನೋಡಿಕೊಳ್ಳಿ. ಬೆಳಗ್ಗೆ ಬೇಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ರಾಕೆಟ್ ನೀರಿಗೆ ಹೋಗಿ ಬೀಳುತ್ತದೆ. ಮಧ್ಯಾಹ್ನಕ್ಕೆ ಕಡಲಿನಿಂದ ನೆಲಕ್ಕೆ, ಆಗ ಜೋರೂ ಜಾಸ್ತಿ.

ಇನ್ನು ನಮ್ಮೂರಿನ ದೊಡ್ಡ ಶತ್ರು ತೆಂಗಿನಮರ. ಅದರ ಕಥೆ ಕೊನೆಗೆ.

ಹಾರಿಸುವುದು

ಬಾಟಲಿಯ ಮೂರನೇ ಒಂದು ಭಾಗದಷ್ಟು ನೀರು, ಅಂದರೆ ಎರಡು ಲೀಟರಿಗೆ 600ರಿಂದ 700 ಮಿಲಿಲೀಟರ್. ಕಾರ್ಕನ್ನು ಒದ್ದೆ ಮಾಡಿ ತಿರುಚುತ್ತ ಒತ್ತಿ. ತಲೆಕೆಳಗು ಮಾಡಿ ನಿಲ್ಲಿಸಿ. ಎಲ್ಲರೂ ಪಂಪಿನ ಹಿಂದೆ. ಪಂಪು ಹೊಡೆಯುವವರಿಗೆ ಹೆಲ್ಮೆಟ್ ಮತ್ತು ಕನ್ನಡಕ. ಬಾಟಲಿಯ ಮೇಲೆ ಯಾರೂ ಬಗ್ಗಬಾರದು.

ಪಂಪು ಮಗುವೇ ಹೊಡೆಯಲಿ. ಒಳಗೆ ಗುಳುಗುಳು ಗುಳ್ಳೆ ಏಳುತ್ತದೆ. ಕಾರ್ಕಿನ ಬಿಗಿ ನೋಡಿಕೊಂಡು 30ರಿಂದ 40 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಒತ್ತಡ) ಹೊತ್ತಿಗೆ ಅದು ತಾನಾಗಿಯೇ ಕಿತ್ತು ಬರುತ್ತದೆ. ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೌಂಟ್‌ಡೌನ್ ಮಾಡಲು ಹೋಗಿ ಮಗಳು ಎರಡು ಸಲ ಸೊನ್ನೆ ದಾಟಿ ಮೈನಸ್ ಎಣಿಸಿದಳು.

40 ದಾಟಿದರೂ ಹಾರದಿದ್ದರೆ ನಿಲ್ಲಿಸಿ. ರಾಕೆಟ್ ಹತ್ತಿರ ಹೋಗಬೇಡಿ. ಪಂಪಿನ ಕೊಕ್ಕೆಯನ್ನು ವಾಲ್ವಿನಿಂದ ಬಿಚ್ಚಿ. ಪಿನ್ನು ಇಲ್ಲದ್ದರಿಂದ ಗಾಳಿ, ನೀರು ಪೈಪಿನಲ್ಲೇ ವಾಪಸು ಬರುತ್ತವೆ. ಕಾರಣ ಹೇಳುತ್ತೇನೆ ಅಂದದ್ದು ಇದಕ್ಕೇ. ಮುಂದಿನ ಸಲ ಕಾರ್ಕನ್ನು ಸ್ವಲ್ಪ ಸಡಿಲ ಹಾಕಿ.

ಹಾರುವುದು ಹೇಗೆ ಎಂದು ಮಗು ಕೇಳುತ್ತದೆ. ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದೆ ಸರಿಯುವುದನ್ನು ಮಲ್ಪೆ ಬಂದರಿನಲ್ಲಿ ತೋರಿಸಿ. ಇಲ್ಲಿ ಒತ್ತಿಟ್ಟ ಗಾಳಿ ನೀರನ್ನು ಕೆಳಗೆ ದಬ್ಬುತ್ತದೆ, ನೀರು ಬಾಟಲಿಯನ್ನು ಮೇಲಕ್ಕೆ ದಬ್ಬುತ್ತದೆ. ಗಾಳಿ ಮಾತ್ರ ಇದ್ದರೆ ಅದು ತೀರಾ ಹಗುರ. ನೀರು ಜಾಸ್ತಿಯಾದರೆ ಗಾಳಿಗೆ ಜಾಗ ಇಲ್ಲ, ಹೊರುವ ತೂಕವೂ ಹೆಚ್ಚು. ನಾನು ಹೇಳಿದ್ದನ್ನು ಮಗಳು ನಂಬಲಿಲ್ಲ. ಖಾಲಿ, ಕಾಲು, ಮೂರನೇ ಒಂದು, ಅರ್ಧ ಎಂದು ನಾಲ್ಕೂ ಮಾಡಿಸಿದಳು. ಮಾಡಿ, ಆದರೆ ಒಂದು ಸಲಕ್ಕೆ ನೀರು ಬದಲಿಸಿದರೆ ರೆಕ್ಕೆ ಮುಟ್ಟಬೇಡಿ.

ಎತ್ತರ ಅಳೆಯಲು ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ ನಟ್ಟು ಇಳಿಬಿಡಿ. ರಾಕೆಟ್ಟಿನಿಂದ 20 ಮೀಟರ್ ದೂರ ನಿಂತು ಅದು ಏರಿದ ತುತ್ತತುದಿಯನ್ನು ಕೋನಮಾಪಕದ ನೇರ ಅಂಚಿನ ಗುಂಟ ನೋಡಿ, ದಾರ 90ರಿಂದ ಎಷ್ಟು ಡಿಗ್ರಿ ಸರಿದಿದೆ ಎಂದು ಓದಿ. 45 ಡಿಗ್ರಿ ಬಂದರೆ 20 ಮೀಟರಿಗೆ ಕಣ್ಣಿನ ಎತ್ತರ ಕೂಡಿಸಿದರಾಯಿತು. ನಮ್ಮದು 40 ಡಿಗ್ರಿ ಬಂತು. 20ನ್ನು 0.84ರಿಂದ (ಅದು 40 ಡಿಗ್ರಿಯ ಟ್ಯಾನ್ ಬೆಲೆ) ಗುಣಿಸಿದರೆ 16.8, ಅವಳ ಕಣ್ಣಿನ ಎತ್ತರ 1.2, ಒಟ್ಟು 18 ಮೀಟರ್. ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್ ಹುಟ್ಟಿದ ಅದಮಾರು ನಮ್ಮ ಜಿಲ್ಲೆಯದ್ದೇ ಎಂದು ಹೇಳಿದಾಗ, "ಅವರೂ ಗದ್ದೆಯಲ್ಲೇ ಶುರು ಮಾಡಿದ್ದಾ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಏಳನೆಯ ಹಾರಾಟದಲ್ಲಿ ಗಾಳಿ ತಿರುಗಿತು. ರಾಕೆಟ್ ಅಂಚಿನ ತೆಂಗಿನಮರದ ಗರಿ ನಡುವೆ ಹೋಗಿ ಕೂತಿತು. ಕಾಯಿ ಕೀಳಲು ಮುಂದಿನ ಸಲ ಜನ ಬಂದಾಗಲೇ ಅದು ಇಳಿದದ್ದು. ಮರ ಹತ್ತಿದವರು ಕಾಯಿಗಳ ಜೊತೆ ಅದನ್ನೂ ಎಸೆದು, "ಮಾರಾಯ್ರೆ, ಮೇಲೆ ಸೋಡಾ ಕುಡಿದವರು ಯಾರು?" ಎಂದು ಕೇಳಿದರು. ಅಷ್ಟು ದಿನ ಬಿಸಿಲು ತಿಂದ ಬಾಟಲಿಗೆ ಮತ್ತೆ ಗಾಳಿ ತುಂಬುವಂತಿಲ್ಲ. ಮಗಳು ಮೂತಿಯನ್ನೂ ಸರಿ ಇದ್ದ ಮೂರು ರೆಕ್ಕೆಗಳನ್ನೂ ಬಿಡಿಸಿಕೊಂಡಳು. ಒಂದನ್ನು ಶೀಟಿನ ಮೇಲಿಟ್ಟು ನಾಲ್ಕನೆಯದಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿದಳು.